ಮೀನಿಗೂ ಒಂದು ಊರು

(ಗುಂಡ್ಲುಪೇಟೆಯಲ್ಲಿ ವಿದ್ಯಾರ್ಥಿಗಳು ಹಾಗೂ ಶಿಕ್ಷಕರ ಸಭೆಯಲ್ಲಿ ನಮ್ಮ ವರದಿಗಾರರು ನೀಡಿದ ಉಪನ್ಯಾಸದ ಬರಹ ರೂಪ)



ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ನೋಡದವರು ಈ ಸಭೆಯಲ್ಲಿ ಯಾರೂ ಇರಲಾರರು. 1,454 ಮೀಟರ್ ಎತ್ತರದ ಆ ಬೆಟ್ಟಸಾಲಿನ ಮೇಲೆ ಮಳೆಯ ಎರಡು ಹನಿಗಳು ಅಕ್ಕಪಕ್ಕದಲ್ಲೇ ಬಿದ್ದವು ಎಂದುಕೊಳ್ಳಿ. ಉತ್ತರದ ಇಳಿಜಾರಿಗೆ ಬಿದ್ದ ಹನಿ ಗುಂಡ್ಲು ಹೊಳೆಯನ್ನು ಸೇರುತ್ತದೆ. ನಂಜನಗೂಡಿನ ಕಡೆಗೆ ಹರಿದು ಕಪಿಲೆಯನ್ನು ಕೂಡಿ, ತಿರುಮಕೂಡಲಿನಲ್ಲಿ ಕಾವೇರಿಯ ಪಾಲಾಗುತ್ತದೆ. ದಕ್ಷಿಣದ ಇಳಿಜಾರಿಗೆ ಬಿದ್ದ ಹನಿ ಬಂಡೀಪುರದ ಕಾಡಿನ ಹಳ್ಳಗಳ ಮೂಲಕ ಮೋಯಾರ್ ನದಿಗೆ ಇಳಿಯುತ್ತದೆ. ಮೋಯಾರ್ ತಮಿಳುನಾಡಿನಲ್ಲಿ ಭವಾನಿಯನ್ನು ಸೇರಿ, ಭವಾನಿ ಪಟ್ಟಣದ ಸಂಗಮದಲ್ಲಿ ಕಾವೇರಿಗೆ ಬರುತ್ತದೆ. ಎರಡೂ ಹನಿಗಳು ಕೊನೆಗೆ ಸೇರುವುದು ಒಂದೇ ನದಿಯನ್ನು. ಆದರೆ ಅವುಗಳ ನಡುವೆ ನೂರಾರು ಕಿಲೋಮೀಟರ್ ಹರಿವಿದೆ, ಜಲಪಾತಗಳಿವೆ, ಈಗ ಅಣೆಕಟ್ಟುಗಳೂ ಇವೆ.

ನೀರಿನ ಹನಿಗೆ ಇದರಿಂದ ಏನೂ ಆಗುವುದಿಲ್ಲ, ಮೀನಿಗೆ ಆಗುತ್ತದೆ. ಗುಂಡ್ಲು ಹೊಳೆಯ ಮೀನು ಬೆಟ್ಟ ಹತ್ತಿ ಇಳಿದು ಮೋಯಾರಿಗೆ ಹೋಗಲಾರದು. ನೀರಿನ ದಾರಿಯಲ್ಲೇ ಹೋಗಬೇಕೆಂದರೆ ಕಪಿಲೆ, ಕಾವೇರಿ, ಶಿವನಸಮುದ್ರ, ಹೊಗೆನಕಲ್, ಮೆಟ್ಟೂರು ಎಲ್ಲವನ್ನೂ ದಾಟಿ, ಮತ್ತೆ ಭವಾನಿಯಲ್ಲಿ ಎದುರು ಈಜಬೇಕು. ಹಕ್ಕಿ ಒಂದು ಗಳಿಗೆಯಲ್ಲಿ ದಾಟುವ ಬೆಟ್ಟ ಮೀನಿನ ಪಾಲಿಗೆ ಸಮುದ್ರವಿದ್ದಂತೆ. ಹೊಳೆಯೊಂದು ಮೀನಿಗೆ ದ್ವೀಪವಾಗುವುದು ಹೀಗೆ.

ಇಂತಹ ದ್ವೀಪಗಳಲ್ಲಿ ಸಾವಿರಾರು ವರ್ಷ ಕಳೆದ ಮೀನುಗಳು ಹೊರನೋಟಕ್ಕೆ ಒಂದೇ ತೆರನಾಗಿದ್ದರೂ ಒಳಗೊಳಗೇ ಬೇರೆಯಾಗಿರಬಹುದು. ಈ ಬೇರೆತನವನ್ನು ತಿಳಿಯದಿದ್ದರೆ, ಮೀನನ್ನು ಉಳಿಸುತ್ತಿದ್ದೇವೆ ಎಂಬ ನಂಬಿಕೆಯಲ್ಲೇ ಅದನ್ನು ಕಳೆದುಕೊಳ್ಳುತ್ತೇವೆ. ನಮ್ಮ ಕಾವೇರಿಯಲ್ಲಿ ಇಂಥದ್ದೇ ಒಂದು ಪ್ರಸಂಗ ನಡೆದಿದೆ. ಅದರ ಕೊನೆಯ ಅಧ್ಯಾಯ ಗುಂಡ್ಲುಪೇಟೆ ತಾಲ್ಲೂಕಿನ ಗಡಿಯಲ್ಲಿರುವ ಮೋಯಾರಿನಲ್ಲಿದೆ. ಆ ಕಥೆಯನ್ನೇ ಇಂದು ಹೇಳಲು ಬಂದಿದ್ದೇನೆ.

ಓಲೆಗರಿಯ ಪಾಠಾಂತರ

ಮೊದಲು ಈ ಬೇರೆತನ ಹುಟ್ಟುವುದು ಹೇಗೆ ಎಂಬುದನ್ನು ನೋಡೋಣ. ಕನ್ನಡ ಓದಿದವರಿಗೆ ಇದು ಕಷ್ಟದ ಮಾತಲ್ಲ. ಹಳೆಯ ಕಾವ್ಯಗಳು ನಮಗೆ ಬಂದಿರುವುದು ಓಲೆಗರಿಗಳ ಮೂಲಕ. ಒಬ್ಬ ಲಿಪಿಕಾರ ಪ್ರತಿ ಮಾಡುವಾಗ ಒಂದು ಅಕ್ಷರ ತಪ್ಪುತ್ತಾನೆ. ಆ ಪ್ರತಿಯನ್ನು ನೋಡಿ ಬರೆದವನು ತಪ್ಪನ್ನೂ ಸೇರಿಸಿಯೇ ಬರೆಯುತ್ತಾನೆ, ತನ್ನದೂ ಒಂದನ್ನು ಕೂಡಿಸುತ್ತಾನೆ. ಎರಡು ಮಠಗಳ ನಡುವೆ ಹೋಗುಬರುವಿಕೆ ಇಲ್ಲದಿದ್ದರೆ, ಕೆಲವು ಶತಮಾನಗಳ ಬಳಿಕ ಒಂದೇ ಕಾವ್ಯದ ಎರಡು ಪಾಠಗಳು ಸಿದ್ಧವಾಗುತ್ತವೆ. ಗ್ರಂಥ ಸಂಪಾದಕರು ಈ ಪಾಠಾಂತರಗಳನ್ನು ಹೋಲಿಸಿ ಯಾವ ಪ್ರತಿ ಯಾವುದರ ಸಂತತಿ ಎಂದು ಗುರುತಿಸುತ್ತಾರೆ.

ಜೀವಕೋಶದೊಳಗಿನ ಡಿಎನ್‌ಎ ಕೂಡ ಒಂದು ಬರಹ. ಅದರ ಲಿಪಿಯಲ್ಲಿ ನಾಲ್ಕೇ ಅಕ್ಷರ. ತಲೆಮಾರಿನಿಂದ ತಲೆಮಾರಿಗೆ ಅದನ್ನು ಪ್ರತಿ ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಒಂದೇ ಮಡುವಿನಲ್ಲಿ ಕೂಡಿ ಬಾಳುವ ಮೀನುಗಳಲ್ಲಿ ಈ ಬದಲಾವಣೆಗಳು ಬೆರೆತು ಹಂಚಿಹೋಗುತ್ತವೆ. ನಡುವೆ ಜಲಪಾತವೋ ಬೆಟ್ಟವೋ ಅಡ್ಡ ಬಂದರೆ ಬೆರಕೆ ನಿಲ್ಲುತ್ತದೆ. ಆಚೆಯ ಪಾಠ ಬೇರೆ, ಈಚೆಯ ಪಾಠ ಬೇರೆ ಆಗುತ್ತದೆ.

ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಇಪ್ಪತ್ತು ಮನೆಗಳ ಸಣ್ಣ ಊರಿನಲ್ಲಿ ಎರಡು ಮನೆತನಗಳಿಗೆ ಸಂತಾನವಿಲ್ಲದೆ ಹೋದರೆ ಆ ಮನೆತನಗಳ ಹೆಸರೇ ಅಳಿಯುತ್ತದೆ. ದೊಡ್ಡ ಪಟ್ಟಣದಲ್ಲಿ ಅದು ಲೆಕ್ಕಕ್ಕೂ ಬರುವುದಿಲ್ಲ. ಸಣ್ಣ ಹೊಳೆಯಲ್ಲಿ ಉಳಿದ ಕೆಲವೇ ಮೀನುಗಳಲ್ಲೂ ಹೀಗೆಯೇ. ಕೆಲವು ಗುಣಗಳು ಯಾವ ಕಾರಣವೂ ಇಲ್ಲದೆ, ಬರಿಯ ಆಕಸ್ಮಿಕದಿಂದ ಅಳಿಯುತ್ತವೆ, ಕೆಲವು ಎಲ್ಲ ಮೀನುಗಳಿಗೂ ಹಬ್ಬುತ್ತವೆ. ಹಾಗಾಗಿ ಮೀನು ಕಡಿಮೆಯಾದಷ್ಟೂ ಈ ಕಣ್ಣಿಗೆ ಕಾಣದ ಸಂಪತ್ತು ಬೇಗ ಕರಗುತ್ತದೆ. ಮುಂದೊಮ್ಮೆ ರೋಗವೋ ಬರವೋ ಬಂದಾಗ ತಡೆದುಕೊಳ್ಳುವ ಗುಣ ಆ ಅಳಿದದ್ದರಲ್ಲಿ ಇದ್ದಿರಲೂಬಹುದು.

ಕಣ್ಣಿಗೆ ಕಾಣದ್ದನ್ನು ಓದುವುದು ಹೇಗೆ? ಮೀನಿನ ಈಜುರೆಕ್ಕೆಯ ಚೂರೊಂದು ಸಿಕ್ಕರೆ ಸಾಕು. 2003ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಒಂದು ಸುಲಭ ಉಪಾಯ ಸೂಚಿಸಿದರು. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ ಸುಮಾರು 650 ಅಕ್ಷರಗಳ ಒಂದು ಭಾಗವನ್ನು ಎಲ್ಲ ಪ್ರಾಣಿಗಳಲ್ಲೂ ಓದಿ ಹೋಲಿಸುವುದು. ಅಂಗಡಿಯ ಸಾಮಾನಿನ ಮೇಲಿನ ಪಟ್ಟೆ ಗುರುತಿನಂತೆ ಇದೂ ಕೆಲಸ ಮಾಡುವುದರಿಂದ ಇದಕ್ಕೆ ‘ಡಿಎನ್‌ಎ ಬಾರ್‌ಕೋಡ್’ ಎಂಬ ಹೆಸರು ಬಂತು.

ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಈ ಬಗೆಯ ಓದು ಅಚ್ಚರಿಗಳನ್ನು ಹೊರತೆಗೆದಿದೆ. ಕಾಸರಗೋಡಿನ ಚಂದ್ರಗಿರಿ ಹೊಳೆಯೂ ಸೇರಿದಂತೆ ಕೇರಳದ ಹಲವು ನದಿಗಳಲ್ಲಿ ಮೈಮೇಲೆ ಕೆಂಪು ಗೆರೆಯಿರುವ ಸುಂದರ ಮೀನೊಂದಿದೆ. ಗಾಜಿನ ತೊಟ್ಟಿಯಲ್ಲಿ ಸಾಕುವವರು ಅದನ್ನು ‘ಮಿಸ್ ಕೇರಳ’ ಎನ್ನುತ್ತಾರೆ. ವಿದೇಶಗಳಿಗೂ ಹೋಗುವ ಈ ಮೀನನ್ನು ಎಲ್ಲ ನದಿಯಲ್ಲೂ ಒಂದೇ ಎಂದು ಹಿಡಿದು ಮಾರಲಾಗುತ್ತಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನ ಅದು ಒಂದೇ ಮೀನಲ್ಲ, ಬೇರೆ ಬೇರೆ ನದಿಗಳಲ್ಲಿ ಬೆಳೆದ ಹಲವು ಪ್ರತ್ಯೇಕ ವಂಶಗಳು ಎಂದು ತೋರಿಸಿತು. ಒಂದು ನದಿಯಲ್ಲಿ ಹಿಡಿದು ಮುಗಿಸಿದರೆ ಪಕ್ಕದ ನದಿಯಿಂದ ತಂದು ತುಂಬಿಸಬಹುದು ಎಂಬ ಲೆಕ್ಕ ಅಲ್ಲಿಗೆ ತಪ್ಪಾಯಿತು.

ಹೆಸರಿಲ್ಲದ ಹಿರಿಮೀನು

ಈಗ ನಮ್ಮ ಕಾವೇರಿಗೆ ಬರೋಣ. ಕನ್ನಡ ನಾಡಿಗೂ ಮೀನಿನ ವಿದ್ಯೆಗೂ ಹಳೆಯ ನಂಟಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಮೀನಿನ ಬಗೆಗಳು, ಅವುಗಳಿಗೆ ಹಾಕುವ ತಿನಿಸು, ಗಾಳ ಹಿಡಿಯುವ ಕ್ರಮ ಎಲ್ಲವನ್ನೂ ಅರಸ ಅಲ್ಲಿ ವಿವರಿಸಿದ್ದಾನೆ. ಬ್ರಿಟಿಷರ ಕಾಲದಲ್ಲಿ ಸಿವಿಲ್ ಅಧಿಕಾರಿ ಎಚ್.ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪ್ರಸಿದ್ಧ ಪುಸ್ತಕ 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿ.

ಗಾಳ ಹಿಡಿದವರೆಲ್ಲ ಕನಸು ಕಂಡ ಮೀನೆಂದರೆ ಮಹಶೀರ್. ಕಾವೇರಿಯ ದಂಡೆಯಲ್ಲಿ ಇದನ್ನು ಬಿಳಿಮೀನು ಎಂದು ಕರೆಯುವುದೂ ಉಂಟು. ಅದರಲ್ಲೂ ಕಾವೇರಿಯ ಒಂದು ಬಗೆಗೆ ತಲೆಯ ಹಿಂದೆ ಎತ್ತರದ ಡುಬ್ಬ, ಕಿತ್ತಳೆ ಬಣ್ಣದ ಈಜುರೆಕ್ಕೆ, ಅಂಗೈ ಅಗಲದ ಹುರುಪೆ. ಮೈಸೂರಿನಲ್ಲಿ ಪ್ರಾಣಿಗಳ ಚರ್ಮ ಹದಮಾಡುವ ಉದ್ಯಮಕ್ಕೆ ಹೆಸರಾಗಿದ್ದ ವ್ಯಾನ್ ಇಂಗನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗನ್ ಅವರು 1946ರಲ್ಲಿ ಕಪಿಲೆಯಲ್ಲಿ ಹಿಡಿದ ಡುಬ್ಬದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತು. ಒಬ್ಬ ಆಳಿನ ತೂಕ! ನಿಮ್ಮ ಊರಿನ ಗುಂಡ್ಲು ಹೊಳೆ ಹೋಗಿ ಸೇರುವ ನದಿ ಅದೇ ಎಂಬುದನ್ನು ನೆನಪಿಡಿ.

ಜಗತ್ತಿನ ಗಾಳಗಾರರಿಗೆಲ್ಲ ಗೊತ್ತಿದ್ದ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ ಎಂದರೆ ನಂಬುವುದು ಕಷ್ಟ. 1839ರಲ್ಲಿ ಕರ್ನಲ್ ಸೈಕ್ಸ್ ಎಂಬಾತ ದಖನ್ನಿನ ಮೀನುಗಳನ್ನು ವರ್ಣಿಸಿ ಒಂದಕ್ಕೆ ‘ಮುಸ್ಸುಲ್ಲಾ’ ಎಂಬ ಹೆಸರು ಕೊಟ್ಟಿದ್ದ. ಮುಂದಿನ ವಿದ್ವಾಂಸರು ಅದೇ ಹೆಸರನ್ನು ಕಾವೇರಿಯ ಡುಬ್ಬದ ಮೀನಿಗೆ ಹಚ್ಚಿದರು. 2013-14ರ ಹೊತ್ತಿಗೆ ಸಂಶೋಧಕರು ಹಳೆಯ ವರ್ಣನೆಯನ್ನು ಮತ್ತೆ ಪರಿಶೀಲಿಸಿ, ಸೈಕ್ಸ್ ಹೇಳಿದ ಮೀನು ಮಹಶೀರ್ ಗುಂಪಿನದೇ ಅಲ್ಲ ಎಂದು ತೀರ್ಮಾನಿಸಿದರು. ಅಲ್ಲಿಗೆ ಕಾವೇರಿಯ ಹಿರಿಮೀನು ಅನಾಮಧೇಯವಾಯಿತು.

ಹೆಸರಿನಲ್ಲೇನಿದೆ ಎಂದು ಯಾರಾದರೂ ಕೇಳಬಹುದು. ಪಡಿತರ ಚೀಟಿ ಇಲ್ಲದವನ ಪಾಡು ನಮಗೆ ಗೊತ್ತಿದೆ. ವಿಜ್ಞಾನದ ಪಟ್ಟಿಯಲ್ಲಿ ಹೆಸರಿಲ್ಲದ ಜೀವಿಯ ಪಾಡೂ ಅಷ್ಟೇ. ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಅದು ಸೇರಲಾರದು. ಪಟ್ಟಿಗೆ ಸೇರದ ಜೀವಿಗಾಗಿ ಯೋಜನೆ ರೂಪಿಸುವವರು ವಿರಳ.

ಗಾಲಿಬೋರೆಯ ಲೆಕ್ಕದ ಪುಸ್ತಕ

ಹೆಸರಿನ ಗೊಂದಲದ ನಡುವೆಯೇ ಇನ್ನೊಂದು ಘಟನೆ ನಡೆಯುತ್ತಿತ್ತು. ಅಣೆಕಟ್ಟು, ಸಿಡಿಮದ್ದಿನ ಬೇಟೆ ಮುಂತಾದ ಕಾರಣಗಳಿಂದ ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಆತಂಕ ಹುಟ್ಟಿತ್ತು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ನೀಲಿ ಈಜುರೆಕ್ಕೆಯ ಮಹಶೀರ್ ಮರಿಗಳನ್ನು ಕೃತಕವಾಗಿ ಬೆಳೆಸುವ ಕ್ರಮವನ್ನು ಸಾಧಿಸಿದ್ದರು. 1970ರ ದಶಕದಿಂದ ಆ ಮರಿಗಳನ್ನು ತಂದು ಕಾವೇರಿಗೂ ಬಿಡಲಾಯಿತು. ಉದ್ದೇಶ ಒಳ್ಳೆಯದೇ. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ತಂದು ಬಿಡೋಣ ಎಂಬ ಸರಳ ತರ್ಕ. ಆದರೆ ‘ಖುದ್ರಿ’ ಎಂದು ಸೈಕ್ಸ್ ಹೆಸರಿಸಿದ್ದ ಆ ಮೀನು ಮೊದಲು ದಾಖಲಾದದ್ದು ಪುಣೆಯ ಬಳಿಯ ಮುಳಾ-ಮುಠಾ ನದಿಯಲ್ಲಿ. ಅದು ಭೀಮೆಯ ಮೂಲಕ ಕೃಷ್ಣೆಗೆ ಸೇರುವ ನೀರು. ಕಾವೇರಿಯ ಡುಬ್ಬದ ಮೀನೇ ಬೇರೆ, ಕೃಷ್ಣೆಯ ಸೀಮೆಯ ಈ ಮೀನೇ ಬೇರೆ.

ಸಂಗಮಕ್ಕೆ ಸಮೀಪದ ಗಾಲಿಬೋರೆಯಲ್ಲಿ ಹೊಳೆಯ ಒಂದು ದಡ ಕನಕಪುರ ತಾಲ್ಲೂಕು, ಎದುರು ದಡ ಚಾಮರಾಜನಗರ ಜಿಲ್ಲೆಯ ಕಾಡು. ಅಲ್ಲಿ ಗಾಳ ಹಾಕುವವರಿಗಾಗಿ ಒಂದು ಶಿಬಿರವಿತ್ತು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೇ ಬಿಡುವುದು ಅಲ್ಲಿನ ನಿಯಮ. 1998ರಿಂದ 2012ರವರೆಗೆ ಹೀಗೆ ಬರೆದಿಟ್ಟ ಲೆಕ್ಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಮೀನುಗಳ ವಿವರವಿತ್ತು. ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೊಚ್ಚಿಯ ರಾಜೀವ್ ರಾಘವನ್ ಮೊದಲಾದ ಸಂಶೋಧಕರು ಈ ಪುಸ್ತಕಗಳನ್ನು ಹಿಡಿದು ಕುಳಿತು, 2015ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು.

ಒಟ್ಟು ಲೆಕ್ಕ ನೋಡಿದರೆ ಸಂತೋಷಪಡುವಂತಿತ್ತು. ಗಾಳಕ್ಕೆ ಬೀಳುವ ಮಹಶೀರ್‌ಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಆದರೆ ಮೀನುಗಳನ್ನು ಬಗೆಬಗೆಯಾಗಿ ವಿಂಗಡಿಸಿದಾಗ ಚಿತ್ರ ಬದಲಾಯಿತು. ಏರಿದ್ದು ಹೊರಗಿನಿಂದ ತಂದ ನೀಲಿ ರೆಕ್ಕೆಯ ಮೀನು. ಡುಬ್ಬದ ಮೀನು ಇಳಿಯುತ್ತಲೇ ಇತ್ತು. ಸಿಕ್ಕ ಕೆಲವು ಡುಬ್ಬದ ಮೀನುಗಳ ಗಾತ್ರವೂ ಕಾಲ ಕಳೆದಂತೆ ದೊಡ್ಡದಾಗುತ್ತ ಹೋಗಿತ್ತು. ಇದು ಒಳ್ಳೆಯ ಸುದ್ದಿಯಂತೆ ಕಂಡರೂ ಅರ್ಥ ಬೇರೆಯೇ. ಒಂದು ಹಳ್ಳಿಯಲ್ಲಿ ಜನರ ಸರಾಸರಿ ವಯಸ್ಸು ಏರುತ್ತಲೇ ಹೋದರೆ ಅಲ್ಲಿ ತೊಟ್ಟಿಲು ಕಟ್ಟುತ್ತಿಲ್ಲ ಎಂದೇ ತಿಳಿಯಬೇಕು. ಡುಬ್ಬದ ಮೀನಿನ ಮುದುಕರು ಉಳಿದಿದ್ದರು, ಮರಿಗಳು ಬರುತ್ತಿರಲಿಲ್ಲ.

ಹೊರಗಿನ ಮಹಶೀರ್ ಊರಿನ ಮೀನಿನೊಡನೆ ಆಹಾರಕ್ಕೂ ಮೊಟ್ಟೆಯಿಡುವ ಜಾಗಕ್ಕೂ ಪೈಪೋಟಿ ಮಾಡಬಲ್ಲದು. ಹತ್ತಿರದ ಸಂಬಂಧಿಯಾದ್ದರಿಂದ ಬೆರಕೆಯಾಗುವ ಅಪಾಯವೂ ಇದೆ. ಎಲ್ಲದಕ್ಕೂ ಅದೊಂದೇ ಕಾರಣ ಎನ್ನಲಾಗದು. ಅಣೆಕಟ್ಟುಗಳು, ಮರಳು ತೆಗೆಯುವುದು, ಸಿಡಿಮದ್ದು ಇವೆಲ್ಲವುಗಳ ಪಾಲೂ ಉಂಟು. ಆದರೆ ‘ಮಹಶೀರ್’ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಕರೆದದ್ದರಿಂದ ಒಂದು ಅಳಿಯುತ್ತಿರುವುದು ಹಲವು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಪಾಂಬಾರಿನಿಂದ ಮೋಯಾರಿಗೆ

ಹೆಸರಿನ ಒಗಟು ಬಿಡಿಸಿಕೊಂಡದ್ದು ಇನ್ನೂ ಸ್ವಾರಸ್ಯದ ಸಂಗತಿ. ಕೇರಳದಲ್ಲಿ ಪೂರ್ವಕ್ಕೆ ಹರಿಯುವ ಕೆಲವೇ ನದಿಗಳಲ್ಲಿ ಪಾಂಬಾರ್ ಒಂದು. ಅದು ಅಮರಾವತಿಯ ಮೂಲಕ ಕಾವೇರಿಗೆ ಸೇರುತ್ತದೆ. ಅಲ್ಲಿ ಸಿಕ್ಕ ಮಹಶೀರ್‌ಗಳನ್ನು ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು 2007ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದರು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೀನುತಜ್ಞೆ ಕೆ. ರೆಮಾದೇವಿಯವರ ಗೌರವಾರ್ಥ ಅದಕ್ಕೆ ‘ಟಾರ್ ರೆಮಾದೇವಿ’ ಎಂದು ಹೆಸರಿಟ್ಟರು. ಕಾವೇರಿಯ ದೈತ್ಯ ಮೀನಿಗೂ ಕೇರಳದ ಆ ಹೊಳೆಯ ಮೀನಿಗೂ ಸಂಬಂಧವಿರಬಹುದು ಎಂದು ಆಗ ಯಾರೂ ಭಾವಿಸಿರಲಿಲ್ಲ.

ಈ ಎರಡನ್ನೂ ಬೆಸೆಯಲು ನೆರವಾದದ್ದು ಬಂಡೀಪುರ ಮತ್ತು ಮುದುಮಲೈ ಕಾಡುಗಳ ಗಡಿಯಾಗಿ ಹರಿಯುವ ನಮ್ಮ ಮೋಯಾರ್. ಗುಂಡ್ಲುಪೇಟೆಯ ಕಡೆಯ ಮೈಸೂರು ಪ್ರಸ್ಥಭೂಮಿಯನ್ನೂ ನೀಲಗಿರಿಯನ್ನೂ ಸೀಳಿದಂತೆ ಇರುವ ಆ ಆಳದ ಕಂದರಕ್ಕೆ ಮನುಷ್ಯ ಸುಲಭವಾಗಿ ಇಳಿಯಲಾರ. ಬಹುಶಃ ಆ ಕಾರಣದಿಂದಲೇ ಡುಬ್ಬದ ಮೀನು ಅಲ್ಲಿ ಉಳಿದುಕೊಂಡಿದೆ. ಮೇಲೆ ಜಲಪಾತ, ಕೆಳಗೆ ಭವಾನಿಸಾಗರ ಅಣೆಕಟ್ಟು, ನಡುವೆ ಈ ಮೀನಿನ ಮನೆ. ಮೋಯಾರಿನ ಮೀನುಗಳ ಆಕಾರವನ್ನೂ ಡಿಎನ್‌ಎಯನ್ನೂ ಹೋಲಿಸಿ ನೋಡಿದ ಪಿಂಡರ್ ಮತ್ತು ಭಾರತೀಯ ಸಂಗಡಿಗರು 2018ರಲ್ಲಿ ತೀರ್ಮಾನ ಪ್ರಕಟಿಸಿದರು: ಕಾವೇರಿಯ ಡುಬ್ಬದ ಮಹಶೀರ್ ಮತ್ತು ಪಾಂಬಾರಿನ ಟಾರ್ ರೆಮಾದೇವಿ ಒಂದೇ ಪ್ರಭೇದ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಈ ಮೀನು ಸಹಜವಾಗಿ ಇಲ್ಲ.

ಹೆಸರು ಸಿಕ್ಕ ಅದೇ ವರ್ಷ ಐಯುಸಿಎನ್ ಸಂಸ್ಥೆ ಇದನ್ನು ಕೆಂಪು ಪಟ್ಟಿಯ ‘ತೀವ್ರ ಅಪಾಯದಲ್ಲಿರುವ’ ಜೀವಿಗಳ ಸಾಲಿಗೆ ಸೇರಿಸಿತು. ಹುಲಿಯನ್ನು ಇರಿಸಿರುವ ಸಾಲಿಗಿಂತ ಒಂದು ಹೆಜ್ಜೆ ಹೆಚ್ಚು ಅಪಾಯದ ಸಾಲು ಅದು. ಬಂಡೀಪುರದ ಹೆಸರು ಹೇಳಿದರೆ ಎಲ್ಲರಿಗೂ ಹುಲಿ ನೆನಪಾಗುತ್ತದೆ. ಅದೇ ಕಾಡಿನ ಅಂಚಿನ ನೀರಿನಲ್ಲಿ ಹುಲಿಗಿಂತಲೂ ಕಷ್ಟದಲ್ಲಿರುವ ಜೀವವೊಂದಿದೆ ಎಂಬುದು ಎಷ್ಟು ಮಂದಿಗೆ ಗೊತ್ತು?

ಬೇರೆ ನಾಡುಗಳ ಪಾಠ

ಇಂತಹ ಎಡವಟ್ಟು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಹಸಿರು ಬೆನ್ನಿನ ಟ್ರೌಟ್ ಎಂಬ ಮೀನು ರಾಜ್ಯದ ಲಾಂಛನದ ಗೌರವ ಪಡೆದಿದೆ. ಅಳಿದೇಹೋಯಿತು ಎಂದುಕೊಂಡಿದ್ದ ಅದನ್ನು ಮತ್ತೆ ಕಂಡುಹಿಡಿದು, ಹತ್ತಾರು ವರ್ಷ ಸಾಕಿ ಹೊಳೆಗಳಿಗೆ ಬಿಟ್ಟರು. 2012ರಲ್ಲಿ ವಸ್ತುಸಂಗ್ರಹಾಲಯಗಳಲ್ಲಿದ್ದ 19ನೆಯ ಶತಮಾನದ ಮೀನುಗಳ ಡಿಎನ್‌ಎ ಓದಿದಾಗ, ಅಷ್ಟು ವರ್ಷ ಸಾಕಿದ ಬಹುಪಾಲು ಮೀನು ಬೇರೆಯದೇ ಎಂದು ತಿಳಿಯಿತು. ನಿಜವಾದ ವಂಶ ಉಳಿದಿದ್ದದ್ದು ಬೇರ್ ಕ್ರೀಕ್ ಎಂಬ ಒಂದೇ ಸಣ್ಣ ತೊರೆಯಲ್ಲಿ. ಅಲ್ಲಿಂದ ಮತ್ತೆ ಮೊದಲಿನಿಂದ ಕೆಲಸ ಆರಂಭಿಸಬೇಕಾಯಿತು.

ಐರ್ಲೆಂಡಿನ ಮೆಲ್ವಿನ್ ಸರೋವರದ್ದು ಇನ್ನೊಂದು ಪಾಠ. ಅಲ್ಲಿನ ಬೆಸ್ತರು ಒಂದೇ ಕೆರೆಯ ಟ್ರೌಟ್‌ಗಳನ್ನು ಗಿಲಾರೂ, ಸೊನಾಗನ್, ಫೆರಾಕ್ಸ್ ಎಂದು ಮೂರು ಹೆಸರಿನಿಂದ ಕರೆಯುತ್ತಿದ್ದರು. ಪಂಡಿತರು ಇವೆಲ್ಲ ಒಂದೇ ಎನ್ನುತ್ತಿದ್ದರು. ವಂಶವಾಹಿಗಳ ಪರೀಕ್ಷೆ ನಡೆದಾಗ ಬೆಸ್ತರ ಮಾತೇ ನಿಂತಿತು. ಮೂರೂ ಕೆರೆಯಲ್ಲಿ ಕೂಡಿ ಬಾಳಿದರೂ ಮೊಟ್ಟೆಯಿಡಲು ಬೇರೆ ಬೇರೆ ನೀರಿಗೆ ಹೋಗುತ್ತವೆ, ಹಾಗಾಗಿ ಬೆರೆಯುವುದಿಲ್ಲ. ದಿನವೂ ಮೀನು ಮುಟ್ಟುವವರ ಕಣ್ಣಿಗೆ ಬೆಲೆ ಕೊಡಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಾವು ಮಾಡಬಹುದಾದದ್ದು

ಇಷ್ಟೆಲ್ಲ ಕೇಳಿದ ಮೇಲೆ, ಗುಂಡ್ಲುಪೇಟೆ, ಚಾಮರಾಜನಗರದ ನಮ್ಮಂಥವರು ಏನು ಮಾಡಬಹುದು ಎಂದು ನೀವು ಕೇಳುವುದು ಸಹಜ. ಮೂರು ಮಾತು ಹೇಳುತ್ತೇನೆ.

ಮೊದಲನೆಯದು, ಮೀನುಮರಿ ಬಿಡುವ ವಿಚಾರ. ಊರ ಕೆರೆಯಲ್ಲಿ ಕಾಟ್ಲಾ, ರೋಹು ಸಾಕಿ ಮಾರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅದು ಹಲವರ ಅನ್ನದ ದಾರಿ. ಆದರೆ ಅವು ಮೂಲತಃ ಗಂಗೆಯ ಸೀಮೆಯ ಮೀನುಗಳು ಎಂಬುದು ನೆನಪಿರಲಿ. ಕಾಡಿನ ಹೊಳೆಗೆ, ಮಡುವಿಗೆ ಹೊರಗಿನ ಮರಿಗಳನ್ನು ತಂದು ಸುರಿಯುವುದು ಬೇರೆ ಸಂಗತಿ. ಗಾಜಿನ ತೊಟ್ಟಿಯ ಮೀನು ಬೇಸರವಾಯಿತೆಂದು ಹೊಳೆಗೆ ಬಿಡುವುದೂ ಅಷ್ಟೇ ತಪ್ಪು. ಮಹಶೀರ್ ಮರಿ ಬಿಡುವ ಸಮಾರಂಭ ಎಲ್ಲಾದರೂ ನಡೆದರೆ ‘ಇದು ಯಾವ ಹೊಳೆಯ ಮಹಶೀರ್?’ ಎಂದು ಕೇಳಿ. ಆ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮರಿಗಳನ್ನು ಬಿಡದಿರುವುದೇ ಕ್ಷೇಮ.

ಎರಡನೆಯದು, ನೀರಿನ ವಿಚಾರ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮೀನುಗಳೆಲ್ಲ ಕೆಲವೇ ಮಡುಗಳಲ್ಲಿ ಸೇರಿರುತ್ತವೆ. ಆಗ ಒಂದು ಸಿಡಿಮದ್ದು ಸಿಡಿಸಿದರೆ, ಒಂದಿಷ್ಟು ವಿಷ ಬೆರೆಸಿದರೆ ಆ ಹೊಳೆಯ ಇಡೀ ವಂಶವೇ ಮುಗಿಯಬಹುದು. ಸುವರ್ಣಾವತಿ, ಚಿಕ್ಕಹೊಳೆ, ಗುಂಡ್ಲು ಇಂಥ ಸಣ್ಣ ಹೊಳೆಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ದೊಡ್ಡ ನದಿಯಲ್ಲಿ ಆದ ನಷ್ಟ ಉಪನದಿಗಳಿಂದ ಒಂದಿಷ್ಟು ತುಂಬಬಹುದು, ಸಣ್ಣ ಹೊಳೆಗೆ ಆ ಭಾಗ್ಯವಿಲ್ಲ. ಶಿವನಸಮುದ್ರದ ಜಲಪಾತವನ್ನೇ ನೋಡಿ. ಮೇಲಿನ ಮೀನು ನೆರೆಯಲ್ಲಿ ಕೊಚ್ಚಿ ಕೆಳಗೆ ಬರಬಹುದು, ಕೆಳಗಿನದು ಎಂದಿಗೂ ಮೇಲೆ ಹತ್ತಲಾರದು. ಮೇಲಿನ ಹೊಳೆ ಒಮ್ಮೆ ಬರಿದಾದರೆ ತಾನಾಗಿ ತುಂಬುವುದಿಲ್ಲ.

ಮೂರನೆಯದು ವಿದ್ಯಾರ್ಥಿಗಳಿಗೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರಿಂದಲೇ ಮಾಹಿತಿ ಪಡೆದು ಊರಿನ ಜೀವಸಂಪತ್ತಿನ ದಾಖಲೆ ಸಿದ್ಧಪಡಿಸಬೇಕು. ನಿಮ್ಮ ಪಂಚಾಯಿತಿಯ ದಾಖಲೆಯಲ್ಲಿ ಮೀನಿನ ಹಾಳೆ ಇದೆಯೇ ನೋಡಿ. ಇಲ್ಲದಿದ್ದರೆ ಹಿರಿಯ ಬೆಸ್ತರನ್ನು, ಸೋಲಿಗರನ್ನು, ಕುರುಬರನ್ನು ಕೇಳಿ ಬರೆಯಿರಿ. ಯಾವ ಹಳ್ಳದಲ್ಲಿ ಯಾವ ಮೀನು, ಅದಕ್ಕೆ ಅವರು ಕರೆಯುವ ಹೆಸರೇನು, ಎಷ್ಟು ವರ್ಷದಿಂದ ಕಂಡಿಲ್ಲ ಎಂದು ಬರೆದಿಟ್ಟರೆ ಅದೇ ದೊಡ್ಡ ಸಹಾಯ. ಗಾಲಿಬೋರೆಯಲ್ಲಿ ದಿನವೂ ಲೆಕ್ಕ ಬರೆದವರು ತಾವು ವಿಜ್ಞಾನ ಮಾಡುತ್ತಿದ್ದೇವೆ ಎಂದುಕೊಂಡಿರಲಾರರು. ಆ ಲೆಕ್ಕ ಇಲ್ಲದಿದ್ದರೆ ಡುಬ್ಬದ ಮೀನಿನ ಸಂಕಟ ಜಗತ್ತಿಗೆ ತಿಳಿಯುತ್ತಿರಲಿಲ್ಲ.

ನಮ್ಮಲ್ಲಿ ಹೊಸಬರು ಸಿಕ್ಕರೆ ಮೊದಲು ಕೇಳುವುದು ‘ಯಾವೂರಾಯ್ತು?’ ಎಂದು. ಊರು ತಿಳಿದ ಮೇಲೆಯೇ ಮುಂದಿನ ಮಾತು. ಮೀನಿನ ವಿಷಯದಲ್ಲೂ ಆ ರೂಢಿಯನ್ನು ಬಿಡಬೇಡಿ.